ಕೊರಳ ಗ್ರಂಥಿಯ ಇತಿಹಾಸ: ಉಪ್ಪಿನಿಂದ ವಂಶವಾಹಿಯವರೆಗೆ



ಕಾರವಾರ, ಅಂಕೋಲೆಗಳ ಅನೇಕ ಮನೆಗಳಲ್ಲಿ ಈಗ ಒಂದು ಸಣ್ಣ ಮಾತ್ರೆಯ ಡಬ್ಬಿ ಕಾಣಸಿಗುತ್ತದೆ. ಬೆಳಿಗ್ಗೆ ಎದ್ದು ಚಹಾ ಕುಡಿಯುವ ಮೊದಲೇ ನುಂಗಬೇಕಾದ ಮಾತ್ರೆ ಅದು. ಏನೆಂದು ಕೇಳಿದರೆ "ಥೈರಾಯ್ಡ್" ಎಂಬ ಉತ್ತರ ಬರುತ್ತದೆ. ಉತ್ತರ ಕೊಡುವವರು ಹೆಚ್ಚಾಗಿ ಹೆಂಗಸರು. ಆಮೇಲೆ ಎರಡು ಪ್ರಶ್ನೆಗಳು ಏಳುತ್ತವೆ. ಒಂದನ್ನು ಎಲ್ಲರೂ ಗಟ್ಟಿಯಾಗಿಯೇ ಕೇಳುತ್ತಾರೆ: ಸಮುದ್ರದ ದಂಡೆಯಲ್ಲಿ ಹುಟ್ಟಿ, ವಾರಕ್ಕೆ ನಾಲ್ಕು ದಿನ ಮೀನು ತಿನ್ನುವ ನಮಗೆ ಅಯೋಡಿನ್ ಕೊರತೆ ಹೇಗೆ ಬಂತು? ಇನ್ನೊಂದನ್ನು ರಿಶ್ತಾದ ಮಾತುಕತೆ ನಡೆಯುವಾಗ ಪಿಸುದನಿಯಲ್ಲಿ ಕೇಳುತ್ತಾರೆ: ಇದು ಖಾಂದಾನಿ ಕಾಯಿಲೆಯಂತಲ್ಲ, ಹುಡುಗಿಯ ತಾಯಿಗೂ ಇದೆಯಂತಲ್ಲ?

ಈ ಎರಡೂ ಪ್ರಶ್ನೆಗಳಿಗೆ ಉತ್ತರ ಬೇಕಾದರೆ ಸುಮಾರು ಒಂಬೈನೂರು ವರ್ಷಗಳ ಇತಿಹಾಸವನ್ನು ತಿರುವಿ ನೋಡಬೇಕು. ನಾನು ವೈದ್ಯನಲ್ಲ, ಭಾಷೆ ಕಲಿಸುವ ಶಿಕ್ಷಕ. ಆದ್ದರಿಂದ ಹೆಸರಿನಿಂದಲೇ ಆರಂಭಿಸುತ್ತೇನೆ.

ಕೊರಳಿನ ಮುಂಭಾಗದಲ್ಲಿ ಚಿಟ್ಟೆಯ ರೆಕ್ಕೆಯಂತೆ ಹರಡಿಕೊಂಡಿರುವ ಈ ಗ್ರಂಥಿಗೆ ಥೈರಾಯ್ಡ್ ಎಂಬ ಹೆಸರನ್ನು 1656ರಲ್ಲಿ ಲಂಡನ್ನಿನ ವೈದ್ಯ ಥಾಮಸ್ ವಾರ್ಟನ್ ಕೊಟ್ಟರು. ಗ್ರೀಕ್ ಭಾಷೆಯಲ್ಲಿ ಅದಕ್ಕೆ ಗುರಾಣಿಯಂಥದ್ದು ಎಂದು ಅರ್ಥ. ಉರ್ದು ವೈದ್ಯಗ್ರಂಥಗಳು ಇದನ್ನು ಗುದ್ದ-ಎ-ದರಕಿಯಾ ಎನ್ನುತ್ತವೆ. ಅರಬ್ಬಿಯಲ್ಲಿ ದರಕಾ ಎಂದರೆ ಚರ್ಮದ ಗುರಾಣಿ. ಹೀಗೆ ಎರಡು ಭಾಷೆಗಳೂ ಒಂದೇ ಚಿತ್ರವನ್ನು ಹಿಡಿದುಕೊಂಡಿವೆ. ಗ್ರಂಥಿ ಊದಿಕೊಂಡರೆ ಉರ್ದುವಿನಲ್ಲಿ ಗಿಲ್ಹಡ್, ಕನ್ನಡದಲ್ಲಿ ಗಳಗಂಡ. ಆದರೆ ಊತ ಒಂದೇ ರೀತಿ ಕಂಡರೂ ಕಾರಣಗಳು ಬೇರೆಬೇರೆ ಇರಬಹುದು ಎಂಬುದು ಬಹಳ ಕಾಲ ಯಾರಿಗೂ ಹೊಳೆದಿರಲಿಲ್ಲ.

ಹನ್ನೆರಡನೆಯ ಶತಮಾನದ ಆರಂಭದಲ್ಲಿ ಹಕೀಮ್ ಸೈಯದ್ ಇಸ್ಮಾಯಿಲ್ ಜುರ್ಜಾನಿಯವರು ಜಖೀರಾ-ಎ-ಖ್ವಾರಜ್ಮ್‌ಶಾಹಿ ಎಂಬ ದೊಡ್ಡ ವೈದ್ಯಕೋಶವನ್ನು ಪಾರಸಿ ಭಾಷೆಯಲ್ಲಿ ಬರೆದರು. ಕೊರಳು ಊದುವುದಕ್ಕೂ ಕಣ್ಣುಗುಡ್ಡೆ ಮುಂದಕ್ಕೆ ಉಬ್ಬುವುದಕ್ಕೂ ಸಂಬಂಧವಿದೆ ಎಂಬುದನ್ನು ಮೊದಲಿಗೆ ದಾಖಲಿಸಿದವರು ಅವರೆಂದು ವೈದ್ಯಕೀಯ ಇತಿಹಾಸಕಾರರು ಹೇಳುತ್ತಾರೆ. ಅದೇ ರೋಗವನ್ನು 1835ರಲ್ಲಿ ಡಬ್ಲಿನ್ನಿನ ರಾಬರ್ಟ್ ಗ್ರೇವ್ಸ್, 1840ರಲ್ಲಿ ಜರ್ಮನಿಯ ಕಾರ್ಲ್ ಫಾನ್ ಬಾಸೆಡೊ ಮತ್ತೆ ವರ್ಣಿಸಿದರು. ಇಂದು ಪುಸ್ತಕಗಳಲ್ಲಿ ಅದು ಗ್ರೇವ್ಸ್ ರೋಗ. ಜುರ್ಜಾನಿಯವರ ಹೆಸರು ಏಕಿಲ್ಲ ಎಂದು ನಾವು ಬೇಸರಪಟ್ಟುಕೊಳ್ಳಬಹುದು. ಆದರೆ ಆ ಊತ ಏಕೆ ಬರುತ್ತದೆ ಎಂಬುದು ಜುರ್ಜಾನಿಯವರಿಗೂ ಗ್ರೇವ್ಸ್‌ಗೂ ಸಮಾನವಾಗಿ ಅಜ್ಞಾತವಾಗಿತ್ತು ಎಂಬುದನ್ನೂ ಮರೆಯಬಾರದು.

ಮೊದಲು ಸಿಕ್ಕಿದ ಕಾರಣ ಅಯೋಡಿನ್. 1811ರಲ್ಲಿ ಫ್ರಾನ್ಸಿನ ಬರ್ನಾರ್ಡ್ ಕೂರ್ತ್ವಾ ಎಂಬವರು ಸಮುದ್ರ ಪಾಚಿಯ ಬೂದಿಯಿಂದ ಮದ್ದಿನುಪ್ಪು ತಯಾರಿಸುವಾಗ ನೇರಳೆ ಬಣ್ಣದ ಆವಿ ಎದ್ದಿತು. ಅದೇ ಅಯೋಡಿನ್. 1820ರಲ್ಲಿ ಜಿನೀವಾದ ವೈದ್ಯ ಕ್ವಾಂದೆ ಅದನ್ನು ಗಳಗಂಡಕ್ಕೆ ಔಷಧಿಯಾಗಿ ಕೊಟ್ಟರು. 1922ರಲ್ಲಿ ಸ್ವಿಟ್ಜರ್ಲೆಂಡ್ ಉಪ್ಪಿಗೇ ಅಯೋಡಿನ್ ಬೆರೆಸಲು ಆರಂಭಿಸಿತು.

ಉಪ್ಪು ಎಂದ ಕೂಡಲೇ ನಮ್ಮ ಅಂಕೋಲೆ ನೆನಪಾಗಬೇಕು. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಅಂಕೋಲೆಯ ಜನ ಉಪ್ಪಿನ ಕಾನೂನು ಮುರಿದರು. ಕರ್ನಾಟಕದ ಬಾರ್ಡೋಲಿ ಎಂಬ ಹೆಸರು ಈ ಊರಿಗೆ ಬಂದದ್ದು ಅಂಥ ಹೋರಾಟಗಳಿಂದ. ಪಕ್ಕದ ಕುಮಟಾ ತಾಲೂಕಿನ ಸಾಣಿಕಟ್ಟಾದ ಉಪ್ಪಿನ ಆಗರಗಳನ್ನು ನೀವೆಲ್ಲ ನೋಡಿದ್ದೀರಿ. ಇಷ್ಟೆಲ್ಲ ಉಪ್ಪಿನ ಚರಿತ್ರೆ ಇರುವ ನಮಗೆ ಒಂದು ತಪ್ಪು ತಿಳಿವಳಿಕೆಯೂ ಅಂಟಿಕೊಂಡಿದೆ. ಸಮುದ್ರದ ನೀರಿನಿಂದ ಮಾಡಿದ ಉಪ್ಪಿನಲ್ಲಿ ಅಯೋಡಿನ್ ತಾನಾಗಿಯೇ ತುಂಬಿರುತ್ತದೆ ಎಂದು ನಾವು ಭಾವಿಸಿದ್ದೇವೆ. ಬಿಸಿಲಿನಲ್ಲಿ ಒಣಗಿಸಿದ ಹರಳುಪ್ಪಿನಲ್ಲಿ ಉಳಿಯುವ ಅಯೋಡಿನ್ ತೀರಾ ಅಲ್ಪ. ಸಮುದ್ರದಿಂದ ಅಯೋಡಿನ್ ನಮಗೆ ಸಿಗುವುದಿದ್ದರೆ ಅದು ಮೀನು, ಸಿಗಡಿಗಳ ಮೂಲಕವೇ ಹೊರತು ಆಗರದ ಉಪ್ಪಿನ ಮೂಲಕ ಅಲ್ಲ.

ಭಾರತದಲ್ಲಿ ಈ ವಿಷಯಕ್ಕೆ ಅಡಿಪಾಯ ಹಾಕಿದವರು ಆಂಧ್ರದ ಶ್ರೀಕಾಕುಳಂನಲ್ಲಿ ಜನಿಸಿದ ಡಾ. ವಿ. ರಾಮಲಿಂಗಸ್ವಾಮಿ. ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಅವರು ಮತ್ತು ಸಂಗಡಿಗರು ಪ್ರದೇಶವನ್ನು ಮೂರು ಭಾಗ ಮಾಡಿ, ಎರಡು ಭಾಗಗಳಿಗೆ ಅಯೋಡಿನ್ ಉಪ್ಪು, ಒಂದು ಭಾಗಕ್ಕೆ ಸಾಮಾನ್ಯ ಉಪ್ಪು ಒದಗಿಸಿ ವರ್ಷಗಟ್ಟಲೆ ಶಾಲಾ ಮಕ್ಕಳ ಕೊರಳು ಪರೀಕ್ಷಿಸಿದರು. ಅಯೋಡಿನ್ ಸಿಕ್ಕಿದ ಕಡೆ ಗಳಗಂಡ ಇಳಿಯಿತು. ಅದರ ಫಲವಾಗಿ 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂತು. ಅಯೋಡಿನ್ ಇಲ್ಲದ ಉಪ್ಪನ್ನು ಊಟಕ್ಕಾಗಿ ಮಾರಬಾರದೆಂಬ ದೇಶವ್ಯಾಪಿ ನಿಷೇಧವನ್ನು 1998ರಲ್ಲಿ ಜಾರಿಗೆ ತಂದು, 2000ದಲ್ಲಿ ತೆಗೆದು, 2006ರಲ್ಲಿ ಮತ್ತೆ ತಂದರು. ಆ ಹಗ್ಗಜಗ್ಗಾಟವೇ ಒಂದು ಬೇರೆ ಲೇಖನವಾದೀತು.

ಇಲ್ಲಿಯವರೆಗಿನ ಕಥೆ ಪಠ್ಯಪುಸ್ತಕದಲ್ಲಿದೆ. ಅಯೋಡಿನ್ ಇಲ್ಲದಿದ್ದರೆ ಗಳಗಂಡ, ಕೊಟ್ಟರೆ ಗುಣ. ಪರೀಕ್ಷೆಯಲ್ಲಿ ಎರಡು ಅಂಕ. ಆದರೆ ಇಂದು ನಮ್ಮ ತಾಯಂದಿರು, ಅಕ್ಕಂದಿರು ಮಾತ್ರೆ ನುಂಗುತ್ತಿರುವುದು ಬಹುಪಾಲು ಈ ಕಾಯಿಲೆಗಲ್ಲ. ಅವರದ್ದು ಇನ್ನೊಂದು ಕಾಯಿಲೆ, ಅದರ ಇತಿಹಾಸ ಜಪಾನಿನಲ್ಲಿ ಶುರುವಾಗುತ್ತದೆ.

ಹಕಾರು ಹಶಿಮೊಟೊ 1881ರಲ್ಲಿ ಜಪಾನಿನ ಮಿಯೆ ಪ್ರಾಂತ್ಯದಲ್ಲಿ ಹುಟ್ಟಿದರು. ಫುಕುಓಕಾದ ವೈದ್ಯಕೀಯ ಕಾಲೇಜಿನಲ್ಲಿ ಕಲಿತು ಅಲ್ಲಿಯೇ ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದರು. ನಾಲ್ವರು ಮಹಿಳೆಯರ ಕೊರಳಿನಿಂದ ತೆಗೆದ ಗ್ರಂಥಿಯನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದಾಗ, ಸಾಮಾನ್ಯ ಗಳಗಂಡದಲ್ಲಿ ಕಾಣದ ಒಂದು ದೃಶ್ಯ ಅವರಿಗೆ ಕಂಡಿತು. ಗ್ರಂಥಿಯ ತುಂಬ ಬಿಳಿ ರಕ್ತಕಣಗಳು ಮುತ್ತಿಗೆ ಹಾಕಿ ಕುಳಿತಿದ್ದವು. ರೋಗಾಣು ಬಂದಾಗ ಹೋರಾಡಬೇಕಾದ ಕಣಗಳಿಗೆ ರೋಗಾಣುವೇ ಇಲ್ಲದ ಕಡೆ ಏನು ಕೆಲಸ? ಹಶಿಮೊಟೊ 1912ರಲ್ಲಿ ಇದನ್ನು ಜರ್ಮನ್ ಭಾಷೆಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಆಗ ಅವರ ವಯಸ್ಸು ಸುಮಾರು ಮೂವತ್ತು. ಲೋಕ ಗಮನ ಕೊಡಲಿಲ್ಲ. ಮೊದಲ ಮಹಾಯುದ್ಧದ ಕಾರಣ ಜರ್ಮನಿಯಲ್ಲಿದ್ದ ಅವರ ಓದು ನಿಂತಿತು. ಊರಿಗೆ ಮರಳಿ ಅಪ್ಪನ ದವಾಖಾನೆ ನಡೆಸುತ್ತ, 1934ರಲ್ಲಿ ಟೈಫಾಯ್ಡ್ ತಗುಲಿ ತೀರಿಕೊಂಡರು. ಇಂದು ಜಗತ್ತಿನ ಪ್ರತಿಯೊಂದು ದೊಡ್ಡ ಆಸ್ಪತ್ರೆಯ ಕಾಗದದ ಮೇಲೆ ಅವರ ಹೆಸರಿದೆ. ಕಾರವಾರದ ಹೆಂಗಸಿನ ವರದಿಯಲ್ಲಿಯೂ "ಹಶಿಮೊಟೊ" ಎಂದು ಬರೆದಿದ್ದರೆ ಅದು ಈ ಊರ ವೈದ್ಯರ ಹೆಸರು.

ಬಿಳಿ ರಕ್ತಕಣಗಳ ಆ ಮುತ್ತಿಗೆಯ ಅರ್ಥ ಬಿಡಿಸಲು 44 ವರ್ಷ ಬೇಕಾಯಿತು. ದೇಹ ತನ್ನ ಮೇಲೆ ತಾನೇ ದಾಳಿ ಮಾಡಲಾರದು ಎಂಬುದು ಜರ್ಮನಿಯ ಮಹಾವಿಜ್ಞಾನಿ ಪಾಲ್ ಎಹ್ರ್ಲಿಖ್ ಅವರ ಮಾತೆಂದು ಎಲ್ಲರೂ ನಂಬಿದ್ದರು. ದೊಡ್ಡವರ ಮಾತು ದಾಟಿ ಯೋಚಿಸಲು ಎಲ್ಲ ಕಡೆಯೂ ಹಿಂಜರಿಕೆ ಇದ್ದೇ ಇರುತ್ತದೆ. ಅಮೆರಿಕದ ಬಫೆಲೋ ನಗರದಲ್ಲಿ ನೋಯೆಲ್ ರೋಸ್ ಎಂಬ ಯುವಕ ಮತ್ತು ಅವರ ಗುರು ಅರ್ನೆಸ್ಟ್ ವಿಟೆಬ್ಸ್ಕಿ ಮೊಲಗಳ ಥೈರಾಯ್ಡ್ ಸತ್ವವನ್ನು ಮೊಲಗಳಿಗೇ ಚುಚ್ಚಿದರು. ಮೊಲದ ರಕ್ತದಲ್ಲಿ ತನ್ನ ಗ್ರಂಥಿಯ ವಿರುದ್ಧವೇ ಪ್ರತಿಕಾಯಗಳು ಹುಟ್ಟಿಕೊಂಡವು, ಗ್ರಂಥಿಯೂ ಹಶಿಮೊಟೊ ಕಂಡ ರೀತಿಯಲ್ಲಿ ಹಾಳಾಯಿತು. ಲಂಡನ್ನಿನಲ್ಲಿ ಡೆಬೊರಾ ಡೋನಿಯಕ್ ಎಂಬ ವೈದ್ಯೆ, ಐವನ್ ರಾಯ್ಟ್ ಮತ್ತು ಸಂಗಡಿಗರ ಜೊತೆ, ಹಶಿಮೊಟೊ ರೋಗಿಗಳ ರಕ್ತದಲ್ಲಿ ಅಂಥದೇ ಪ್ರತಿಕಾಯಗಳನ್ನು ತೋರಿಸಿದರು. ನ್ಯೂಜಿಲೆಂಡಿನಲ್ಲಿ ಆಡಮ್ಸ್ ಮತ್ತು ಪರ್ವಿಸ್, ಗ್ರೇವ್ಸ್ ರೋಗಿಗಳ ರಕ್ತದಲ್ಲಿ ಗ್ರಂಥಿಯನ್ನು ಅತಿಯಾಗಿ ಕೆರಳಿಸುವ ಒಂದು ವಸ್ತುವನ್ನು ಕಂಡುಹಿಡಿದರು. ಅದೂ ಪ್ರತಿಕಾಯವೇ ಎಂದು ಮುಂದೆ ತಿಳಿಯಿತು.

ಈ ಮೂರೂ ವರದಿಗಳು ಬಂದದ್ದು ಒಂದೇ ವರ್ಷ, 1956. ಕಾಂಗ್ರಾ ಕಣಿವೆಯ ಉಪ್ಪಿನ ಪ್ರಯೋಗ ಆರಂಭವಾದದ್ದೂ ಅದೇ ವರ್ಷ. ನಮ್ಮ ಕಾರವಾರ, ಅಂಕೋಲೆಗಳು ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ್ದೂ ಅದೇ ವರ್ಷದ ನವೆಂಬರ್ 1ರಂದು. ಇದು ಕೇವಲ ಕಾಕತಾಳೀಯ. ಆದರೆ ಇಸವಿ ನೆನಪಿಡಲು ವಿದ್ಯಾರ್ಥಿಗಳಿಗೆ ಅನುಕೂಲ.

ಅಂದಿನಿಂದ ಗಳಗಂಡಕ್ಕೆ ಎರಡು ದಾರಿಗಳು ಎಂದು ಸ್ಪಷ್ಟವಾಯಿತು. ಒಂದರಲ್ಲಿ ಗ್ರಂಥಿಗೆ ಕಚ್ಚಾಮಾಲು ಸಾಲದು. ಇನ್ನೊಂದರಲ್ಲಿ ಕಚ್ಚಾಮಾಲು ಬೇಕಾದಷ್ಟಿದ್ದರೂ ಕಾವಲುಗಾರರೇ ಕಾರ್ಖಾನೆಗೆ ನುಗ್ಗಿದ್ದಾರೆ. ಎರಡನೆಯದಕ್ಕೆ ಆಟೋಇಮ್ಯೂನ್, ಅಂದರೆ ಸ್ವಂತ ರಕ್ಷಣಾ ವ್ಯವಸ್ಥೆಯೇ ಎದುರು ತಿರುಗಿದ ಕಾಯಿಲೆ ಎನ್ನುತ್ತಾರೆ. ಹಶಿಮೊಟೊದಲ್ಲಿ ಗ್ರಂಥಿ ಸೊರಗುತ್ತದೆ: ಆಯಾಸ, ಚಳಿ, ಮಲಬದ್ಧತೆ, ಮೈ ಭಾರ, ಮುಟ್ಟಿನ ಏರುಪೇರು. ಗ್ರೇವ್ಸ್‌ನಲ್ಲಿ ಗ್ರಂಥಿ ಅತಿಯಾಗಿ ಓಡುತ್ತದೆ: ಎದೆಬಡಿತ, ಕೈ ನಡುಕ, ತೂಕ ಇಳಿಕೆ. ಶಿಕ್ಷಕ ಮಿತ್ರರಿಗೆ ಇಲ್ಲಿ ಒಂದು ಮಾತು. ಚೆನ್ನಾಗಿ ಓದುತ್ತಿದ್ದ ಹುಡುಗಿ ತರಗತಿಯಲ್ಲಿ ತೂಕಡಿಸತೊಡಗಿದರೆ, ಅಕ್ಷರ ನಿಧಾನವಾದರೆ, ಸೋಮಾರಿ ಎನ್ನುವ ಮೊದಲು ಮನೆಯವರಿಗೆ ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸಲು ಹೇಳಿರಿ.

ಸಮುದ್ರದ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬೆಂಗಳೂರು, ಗೋವಾ, ಮುಂಬಯಿ ಸೇರಿ ದೇಶದ ಎಂಟು ಕಡೆ ಐದು ಸಾವಿರಕ್ಕೂ ಹೆಚ್ಚು ವಯಸ್ಕರ ರಕ್ತ ಪರೀಕ್ಷಿಸಲಾಯಿತು. ನೂರರಲ್ಲಿ ಸುಮಾರು 11 ಜನರಿಗೆ ಥೈರಾಯ್ಡ್ ಕೊರತೆ, ಸುಮಾರು 22 ಜನರಲ್ಲಿ ಗ್ರಂಥಿಯ ವಿರುದ್ಧದ ಪ್ರತಿಕಾಯ. ಒಳನಾಡಿನ ನಗರಗಳಲ್ಲಿ ಕೊರತೆ ಶೇಕಡ 11.73, ಕರಾವಳಿಯಲ್ಲಿ ಶೇಕಡ 9.45. ಕರಾವಳಿ ಸ್ವಲ್ಪ ವಾಸಿ, ಅಷ್ಟೇ. ಮೀನು ಅಯೋಡಿನ್ ಕೊಡುತ್ತದೆ, ಕಾವಲುಗಾರರನ್ನು ಸುಮ್ಮನಿರಿಸುವುದಿಲ್ಲ. ಕೈಗಾ ಅಣುಸ್ಥಾವರವನ್ನು ದೂರುವವರೂ ನಮ್ಮಲ್ಲಿದ್ದಾರೆ. ಅಲ್ಲಿ ವಾಣಿಜ್ಯ ಉತ್ಪಾದನೆ ಶುರುವಾದದ್ದು 2000ದಲ್ಲಿ, ಹಶಿಮೊಟೊ ಬರೆದದ್ದು 1912ರಲ್ಲಿ. ಈ ಕಾಯಿಲೆ ಬರಲು ಸ್ಥಾವರವೇ ಬೇಕಾಗಿಲ್ಲ ಎಂಬಷ್ಟು ಮಾತ್ರ ಇದರಿಂದ ತಿಳಿಯುತ್ತದೆ. ವಿಕಿರಣದ ಪ್ರಶ್ನೆಯೇ ಬೇರೆ, ಅದನ್ನು ಬೇರೆಯಾಗಿಯೇ ಕೇಳಬೇಕು.

ಇನ್ನು ಪಿಸುಮಾತಿನ ಪ್ರಶ್ನೆ. ಇದು ಖಾಂದಾನಿಯೇ?

1960ರಲ್ಲೇ ಬ್ರಿಟನ್ನಿನ ವೈದ್ಯರು ರೋಗಿಗಳ ಒಡಹುಟ್ಟಿದವರನ್ನು ಪರೀಕ್ಷಿಸಿ, ಆರೋಗ್ಯವಾಗಿದ್ದವರ ರಕ್ತದಲ್ಲೂ ಪ್ರತಿಕಾಯಗಳನ್ನು ಕಂಡಿದ್ದರು. 1974ರಲ್ಲಿ ಗ್ರೇವ್ಸ್ ರೋಗಕ್ಕೂ ಎಚ್‌ಎಲ್‌ಎ-ಬಿ8 ಎಂಬ ಗುರುತಿಗೂ ನಂಟು ಕಂಡಿತು. ಎಚ್‌ಎಲ್‌ಎ ಎಂದರೆ ಆರನೆಯ ವರ್ಣತಂತುವಿನಲ್ಲಿರುವ ವಂಶವಾಹಿಗಳ ಗುಂಪು. ಇವನು ನಮ್ಮವನು, ಇವನು ಪರಕೀಯ ಎಂದು ರಕ್ಷಣಾ ಕಣಗಳಿಗೆ ಗುರುತು ತೋರಿಸುವ ಕೆಲಸ ಅದರದ್ದು. ಆಮೇಲೆ ಸಿಟಿಎಲ್‌ಎ-4 ಎಂಬ ವಂಶವಾಹಿ ಸಿಕ್ಕಿತು. ಅದು ಆ ಕಣಗಳಿಗೆ ಹಾಕಿದ ಬ್ರೇಕು. 2004ರಲ್ಲಿ ಪಿಟಿಪಿಎನ್22 ಸೇರಿತು. ಗ್ರಂಥಿಗೆ ಸಂಬಂಧಿಸಿದ ವಂಶವಾಹಿಗಳೂ ಪಟ್ಟಿಗೆ ಬಂದವು. ಪಟ್ಟಿ ಉದ್ದವಾಗುತ್ತಲೇ ಹೋಯಿತು. ಅದರ ಅರ್ಥ ಏನು? ಈ ಕಾಯಿಲೆಗೆ ಒಂದು ಕೆಟ್ಟ ವಂಶವಾಹಿ ಎಂಬುದು ಇಲ್ಲ. ಅನೇಕ ವಂಶವಾಹಿಗಳು ತಲಾ ಒಂದು ಹಿಡಿ ಭಾರ ಹಾಕುತ್ತವೆ. ಅವು ನಮ್ಮಲ್ಲಿ ಯಾರ ಮೈಯಲ್ಲಾದರೂ ಇರಬಹುದಾದ ಸಾಮಾನ್ಯ ರೂಪಗಳೇ. ಅವೂ ಎಲ್ಲ ದೇಶದಲ್ಲಿ ಒಂದೇ ಅಲ್ಲ. ಯುರೋಪಿಯನ್ನರಲ್ಲಿ ಕಂಡ ಬಿ8 ಜಪಾನೀಯರಲ್ಲಿ ತೀರಾ ಅಪರೂಪ, ಅಲ್ಲಿ ಬೇರೆ ಗುರುತುಗಳು ಕೆಲಸ ಮಾಡುತ್ತವೆ. ಆದ್ದರಿಂದ ಪರದೇಶದ ಪಟ್ಟಿ ಹಿಡಿದು ಇಲ್ಲಿ ದುಬಾರಿ ವಂಶವಾಹಿ ಪರೀಕ್ಷೆ ಮಾಡಿಸುವುದು ಹಣದ ದಂಡ ಎಂದೇ ನನ್ನ ಅಭಿಪ್ರಾಯ. ಸಾಮಾನ್ಯ ರಕ್ತಪರೀಕ್ಷೆ ಸಾಕು.

ವಂಶದ ಪಾಲು ಎಷ್ಟು ಎಂದು ಅಳೆಯಲು ಅವಳಿಗಳಿಗಿಂತ ಉತ್ತಮ ತಕ್ಕಡಿ ಇಲ್ಲ. ಡೆನ್ಮಾರ್ಕಿನಲ್ಲಿ ಅವಳಿಗಳ ದಾಖಲೆ ಪುಸ್ತಕವೇ ಇದೆ. ತದ್ರೂಪಿ ಅವಳಿಗಳ ವಂಶವಾಹಿಗಳು ಪೂರ್ತಿ ಒಂದೇ, ಸಾಮಾನ್ಯ ಅವಳಿಗಳದ್ದು ಅಣ್ಣತಮ್ಮಂದಿರಷ್ಟೇ. 2001ರ ವರದಿಯಂತೆ ತದ್ರೂಪಿಗಳಲ್ಲಿ ಒಬ್ಬರಿಗೆ ಗ್ರೇವ್ಸ್ ಬಂದರೆ ಇನ್ನೊಬ್ಬರಿಗೂ ಬರುವುದು ಶೇಕಡ 35, ಸಾಮಾನ್ಯ ಅವಳಿಗಳಲ್ಲಿ ಶೇಕಡ 3. ಹಶಿಮೊಟೊ ಬಗೆಯ ಕೊರತೆಯಲ್ಲಿ ತದ್ರೂಪಿಗಳ ಲೆಕ್ಕ ಶೇಕಡ 55. ಈ ಅಂಕಿಗಳನ್ನು ಎರಡು ಬದಿಯಿಂದಲೂ ಓದಿರಿ. ವಂಶದ ಪಾಲು ದೊಡ್ಡದು, ನಿಜ. ಆದರೆ ಒಂದೇ ಗರ್ಭದಲ್ಲಿ, ಒಂದೇ ವಂಶವಾಹಿಗಳಿಂದ ಹುಟ್ಟಿದ ಇಬ್ಬರಲ್ಲಿಯೂ ಸುಮಾರು ಅರ್ಧದಷ್ಟು, ಗ್ರೇವ್ಸ್‌ನಲ್ಲಿ ಅದಕ್ಕಿಂತ ಹೆಚ್ಚು ಮಂದಿ, ಕಾಯಿಲೆಯಿಲ್ಲದೆ ಉಳಿದರು. ಹಾಗಿರುವಾಗ ತಾಯಿಗೆ ಇದೆ ಎಂಬ ಒಂದೇ ಮಾತಿನಿಂದ ಮಗಳ ಭವಿಷ್ಯ ಬರೆದುಬಿಡುವವರು ಯಾವ ಲೆಕ್ಕದ ಮೇಲೆ ಬರೆಯುತ್ತಾರೆ?

ಅದಕ್ಕಿಂತ ಮುಖ್ಯವಾದ ವಿಷಯ ತಂದೆಯ ಕಡೆಯದ್ದು. ಪ್ರತಿಯೊಬ್ಬರಿಗೂ ಎಚ್‌ಎಲ್‌ಎ ಗುಂಪಿನ ಒಂದು ಪ್ರತಿ ತಾಯಿಯಿಂದ, ಇನ್ನೊಂದು ತಂದೆಯಿಂದ ಬರುತ್ತದೆ. ಉಳಿದ ಬಹುಪಾಲು ವಂಶವಾಹಿಗಳೂ ಹಾಗೆಯೇ. ಆದರೆ ಕಾಯಿಲೆ ಗಂಡಸರಿಗಿಂತ ಹೆಂಗಸರಲ್ಲಿ ಐದರಿಂದ ಹತ್ತು ಪಟ್ಟು ಹೆಚ್ಚು. ಹೆಂಗಸರ ಎರಡು ಎಕ್ಸ್ ವರ್ಣತಂತುಗಳಲ್ಲಿ ಒಂದನ್ನು ಮುಚ್ಚಿಡುವ ವ್ಯವಸ್ಥೆಗೂ ಇದಕ್ಕೂ ನಂಟಿರಬಹುದೆಂದು 2024ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಇಲಿಗಳ ಮೇಲಿನ ಪ್ರಯೋಗದಿಂದ ಹೇಳಿದ್ದಾರೆ. ಅಂದರೆ ಗಂಡಸು ಆ ಭಾರ ಹೊತ್ತು ತಂದರೂ ಅವನ ಮೈಯಲ್ಲಿ ಕಾಯಿಲೆ ಕಾಣದೇ ಹೋಗಬಹುದು. ಅದು ಅವನ ಮಗಳಲ್ಲಿ ಕಾಣಿಸಿಕೊಳ್ಳುತ್ತದೆ, ದೂರು ಅವಳ ತಾಯಿಯ ಮೇಲೆ ಬೀಳುತ್ತದೆ. ದಾದಾನ ಕಡೆಯಿಂದ ಬಂದದ್ದಕ್ಕೆ ನಾನಿಯ ಮನೆತನ ಉತ್ತರ ಕೊಡಬೇಕಾಗುತ್ತದೆ. ನಮ್ಮ ಸಮಾಜದಲ್ಲಿ ಮಾತ್ರವೇ ಹೀಗೆ ಎಂದು ನಾನು ಹೇಳುವುದಿಲ್ಲ, ನೆರೆಹೊರೆಯ ಎಲ್ಲ ಸಮಾಜಗಳಲ್ಲೂ ಇದೇ ರೂಢಿ.

ಹತ್ತಿರದ ಸಂಬಂಧದಲ್ಲಿ ಮದುವೆಯಾದರೆ ಥೈರಾಯ್ಡ್ ಬರುತ್ತದೆಯೇ ಎಂದು ಕೇಳುವವರಿದ್ದಾರೆ. ಇಲ್ಲಿ ಬೆರೆಸಬಾರದ ಎರಡು ವಿಷಯಗಳಿವೆ. 1896ರಲ್ಲಿ ವಾನ್ ಪೆಂಡ್ರೆಡ್ ಎಂಬ ಇಂಗ್ಲಿಷ್ ವೈದ್ಯರು ಒಂದೇ ಮನೆಯ ಇಬ್ಬರು ಸೋದರಿಯರಲ್ಲಿ ಕಿವುಡುತನ ಮತ್ತು ಗಳಗಂಡ ಒಟ್ಟಿಗೆ ಇರುವುದನ್ನು ದಾಖಲಿಸಿದರು. ಅದರ ವಂಶವಾಹಿ 1997ರಲ್ಲಿ ಸಿಕ್ಕಿತು. ಅದು ತಂದೆತಾಯಿ ಇಬ್ಬರಿಂದಲೂ ಒಂದೊಂದು ದೋಷದ ಪ್ರತಿ ಬಂದಾಗ ಮಾತ್ರ ಕಾಣುವ ಅಪರೂಪದ ಕಾಯಿಲೆ. ಅಂಥವು ರಕ್ತಸಂಬಂಧದ ಮದುವೆಗಳಲ್ಲಿ ಹೆಚ್ಚು, ಅದನ್ನು ಮುಚ್ಚಿಡಬೇಕಾಗಿಲ್ಲ. ಹಶಿಮೊಟೊ, ಗ್ರೇವ್ಸ್ ಆ ಜಾತಿಗೆ ಸೇರಿದವಲ್ಲ.

ಹಾಗಾದರೆ ಒಳಗೆ ಮಲಗಿದ್ದ ಒಲವನ್ನು ಎಬ್ಬಿಸುವುದು ಯಾವುದು? ಹೆರಿಗೆಯ ನಂತರದ ತಿಂಗಳುಗಳು ಒಂದು ಕಾರಣ. ಧೂಮಪಾನ ಗ್ರೇವ್ಸ್‌ನ ಅಪಾಯ ಹೆಚ್ಚಿಸುತ್ತದೆ, ಅದರಲ್ಲೂ ಕಣ್ಣಿಗೆ. ಅಯೋಡಿನ್ ಅತಿಯಾದರೂ ಕಷ್ಟ. ಡೆನ್ಮಾರ್ಕಿನಲ್ಲಿ 2000ದಲ್ಲಿ ಉಪ್ಪಿಗೆ ಕಡ್ಡಾಯವಾಗಿ ಅಯೋಡಿನ್ ಬೆರೆಸಿದ ಮೇಲೆ ಪ್ರತಿಕಾಯ ಇರುವವರ ಸಂಖ್ಯೆ ಏರಿತು. ಈ ವಾಕ್ಯ ಓದಿ ಯಾರೂ ಅಡುಗೆಮನೆಯ ಅಯೋಡಿನ್ ಉಪ್ಪನ್ನು ಎಸೆಯಬೇಡಿ. ಅದಿಲ್ಲದ ಕಾಲದಲ್ಲಿ ಹಿಮಾಲಯದ ತಪ್ಪಲಿನಲ್ಲಿ ಮಕ್ಕಳು ಕಿವುಡರಾಗಿ, ಬುದ್ಧಿ ಬೆಳೆಯದೆ ಹುಟ್ಟುತ್ತಿದ್ದರು. ಬಿಡಬೇಕಾದದ್ದು ಅಂಗಡಿಯಲ್ಲಿ ಥೈರಾಯ್ಡ್‌ಗೆ ಒಳ್ಳೆಯದೆಂದು ಮಾರುವ ಅಯೋಡಿನ್ ಮಾತ್ರೆ, ಪಾಚಿಯ ಪುಡಿಗಳನ್ನು.

ಚಿಕಿತ್ಸೆಯ ಇತಿಹಾಸ ಸರಳ. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಕುರಿಯ ಥೈರಾಯ್ಡ್ ಸತ್ವವನ್ನು ಒಬ್ಬ ಮಹಿಳೆಗೆ ಕೊಟ್ಟರು. ಸಾವಿನ ಅಂಚಿನಲ್ಲಿದ್ದ ಆಕೆ ಆ ಮೇಲೆ 28 ವರ್ಷ ಬದುಕಿದರು. ಇಂದಿನ ಮಾತ್ರೆ ಅದೇ ಹಾರ್ಮೋನಿನ ಶುದ್ಧ ರೂಪ, ಹೆಚ್ಚು ದುಬಾರಿಯೂ ಅಲ್ಲ. ರಂಜಾನ್ ತಿಂಗಳಲ್ಲಿ ಅದನ್ನು ನಿಲ್ಲಿಸುವವರಿದ್ದಾರೆ, ನಿಲ್ಲಿಸಬೇಕಾಗಿಲ್ಲ. ರಾತ್ರಿ ಮಲಗುವಾಗ ಅಥವಾ ಸಹರಿಗೆ ಅರ್ಧ ಗಂಟೆ ಮೊದಲು ತೆಗೆದುಕೊಳ್ಳುವ ಕ್ರಮವನ್ನು ವೈದ್ಯರಿಂದ ಕೇಳಿ ತಿಳಿಯಿರಿ.

ಮುಚ್ಚಿಡುವುದರಿಂದ ಆಗುವ ನಷ್ಟ ಎಷ್ಟೆಂದು ಒಂದು ಅಧ್ಯಯನ ಅಳೆದಿದೆ. 1999ರಲ್ಲಿ ಅಮೆರಿಕದ ಮೇನ್ ರಾಜ್ಯದ ವೈದ್ಯರು, ಗರ್ಭಿಣಿಯಾಗಿದ್ದಾಗ ಥೈರಾಯ್ಡ್ ಕೊರತೆ ಇದ್ದೂ ಚಿಕಿತ್ಸೆ ಪಡೆಯದ ತಾಯಂದಿರ ಮಕ್ಕಳನ್ನು ಏಳೆಂಟು ವರ್ಷ ವಯಸ್ಸಿನಲ್ಲಿ ಪರೀಕ್ಷಿಸಿದರು. ಬುದ್ಧಿ ಪರೀಕ್ಷೆಯಲ್ಲಿ ಆ ಮಕ್ಕಳ ಸರಾಸರಿ 7 ಅಂಕ ಕಡಿಮೆ ಇತ್ತು. ಗರ್ಭದ ಮೊದಲ ತಿಂಗಳುಗಳಲ್ಲಿ ಶಿಶುವಿಗೆ ತನ್ನದೇ ಹಾರ್ಮೋನು ಇರುವುದಿಲ್ಲ, ತಾಯಿಯದ್ದೇ ಆಧಾರ. ಆ ಹೊತ್ತಿಗೆ ಮಾತ್ರೆಯ ಪ್ರಮಾಣ ಸಾಮಾನ್ಯವಾಗಿ ಹೆಚ್ಚಿಸಬೇಕಾಗುತ್ತದೆ. ಆದರೆ ಅತ್ತೆಮನೆಗೆ ಗೊತ್ತಾದೀತೆಂದು ಡಬ್ಬಿಯನ್ನು ತವರಿನಲ್ಲೇ ಬಿಟ್ಟು ಬರುವ ಸೊಸೆ ಮಾತ್ರೆಯನ್ನೇ ನಿಲ್ಲಿಸಿರುತ್ತಾಳೆ. ರಿಶ್ತಾದ ದಿನ ಪಿಸುಗುಟ್ಟಿದ ಒಂದು ಮಾತಿನ ಬೆಲೆಯನ್ನು ಹೀಗೆ ಹುಟ್ಟದ ಮಗು ತೆರುತ್ತದೆ, ಮತ್ತು ಆರು ವರ್ಷದ ನಂತರ ಆ ಮಗು ನಮ್ಮ ಒಂದನೇ ತರಗತಿಯಲ್ಲಿ ಬಂದು ಕೂರುತ್ತದೆ.

ಕಾರವಾರದಲ್ಲಿ 2016ರಿಂದ ಸರಕಾರಿ ವೈದ್ಯಕೀಯ ಕಾಲೇಜು ನಡೆಯುತ್ತಿದೆ. ಹಿಂದಿನಂತೆ ಪ್ರತಿಯೊಂದಕ್ಕೂ ಮಣಿಪಾಲ, ಹುಬ್ಬಳ್ಳಿ, ಬಾಂಬೋಳಿಗೆ ಓಡಬೇಕಾಗಿಲ್ಲ. ಈ ಸಂಚಿಕೆ ಓದುವ ವಿದ್ಯಾರ್ಥಿಗಳು ಈ ರಜೆಯಲ್ಲಿ ಒಂದು ಕೆಲಸ ಮಾಡಬಹುದು. ಒಂದು ಹಾಳೆಯ ಮೇಲೆ ಮೂರು ತಲೆಮಾರಿನ ಕುಟುಂಬ ವೃಕ್ಷ ಬರೆದು, ಯಾರಿಗೆ ಥೈರಾಯ್ಡ್, ಯಾರಿಗೆ ಬಾಲ್ಯದಿಂದಲೇ ಇನ್ಸುಲಿನ್ ಬೇಕಾದ ಸಕ್ಕರೆ ಕಾಯಿಲೆ, ಯಾರಿಗೆ ತೊನ್ನು ಇದೆ ಎಂದು ಗುರುತು ಹಾಕಿರಿ. ಈ ಮೂರೂ ಒಂದೇ ಮನೆತನದಲ್ಲಿ ಕಾಣಿಸಿಕೊಳ್ಳುವುದುಂಟು, ವೈದ್ಯರಿಗೆ ಆ ಹಾಳೆ ಬಹಳ ಉಪಯೋಗಕ್ಕೆ ಬರುತ್ತದೆ. ಅಮ್ಮನ ಕಡೆಯ ಖಾಲಾ, ನಾನಿಯರ ವಿಷಯ ಮನೆಯಲ್ಲಿ ಎಲ್ಲರಿಗೂ ಗೊತ್ತಿರುತ್ತದೆ. ಅಬ್ಬಾನ ಕಡೆಯ ಫೂಫಿಯರನ್ನೂ ದಾದಿಯನ್ನೂ ಕೇಳಿ ಬರೆಯಿರಿ.